ಕಾಡೆತ್ತು ಮತ್ತು ನಾಲ್ಕು ಚುಕ್ಕೆ

ಫ್ರಾನ್ಸಿನ ಲಾಸ್ಕೋ ಗುಹೆಯ ಗೋಡೆಯಲ್ಲಿ ಒಂದು ಕಾಡೆತ್ತಿನ ಚಿತ್ರವಿದೆ, ಅದರೊಂದಿಗೆ ನಾಲ್ಕು ಚುಕ್ಕೆಗಳಿವೆ. ನೋಡುಗರು ಎತ್ತನ್ನು ನೋಡಿ ಬೆರಗಾಗುತ್ತಾರೆ. ಶಾಸನದ ಹುಚ್ಚು ಹತ್ತಿದ ನಮ್ಮಂಥವರ ಕಣ್ಣು ಹೋಗೋದು ಮಾತ್ರ ಆ ಚುಕ್ಕೆಗಳ ಕಡೆಗೇ. ಇದು ಅಲಂಕಾರವೋ, ಎಣಿಕೆಯೋ, ಬರಹವೋ?

ಆಧುನಿಕ ಮಾನವರು ಯುರೋಪಿಗೆ ಬಂದು ಸುಮಾರು 45,000 ವರ್ಷಗಳಾದವು. ಬಲ್ಗೇರಿಯದ ಬಾಚೊ ಕಿರೊ ಗುಹೆಯಲ್ಲಿ ಅಷ್ಟು ಹಳೆಯ ಎಲುಬುಗಳೂ ಕರಡಿ ಹಲ್ಲಿನ ಪದಕಗಳೂ ಸಿಕ್ಕಿವೆ. ಆಮೇಲಿನ ಬೇಟೆಗಾರರ ಪೀಳಿಗೆ ಗುಹೆಯ ಗೋಡೆಗಳಲ್ಲಿ ಕುದುರೆ, ಕಾಡೆಮ್ಮೆಗಳ ಪಕ್ಕದಲ್ಲೇ ಚುಕ್ಕೆ, ಗೆರೆ, ಏಣಿ, ಕೈಯಚ್ಚುಗಳನ್ನೂ ಬಿಟ್ಟುಹೋಗಿದೆ. ಜೆನೆವಿವ್ ವಾನ್ ಪೆಟ್ಜಿಂಗರ್ ಎಂಬ ಸಂಶೋಧಕಿ ಯುರೋಪಿನ ಗುಹೆಗಳ ಇಂಥ ಗುರುತುಗಳನ್ನು ಪಟ್ಟಿ ಮಾಡಿದಾಗ ಮತ್ತೆ ಮತ್ತೆ ಬಂದ ಆಕಾರಗಳು 32 ಮಾತ್ರ. ಮನಸ್ಸಿಗೆ ಬಂದಂತೆ ಗೀಚಿದ್ದರೆ ಇಷ್ಟು ಕಡಿಮೆ ಆಗುತ್ತಿರಲಿಲ್ಲ. ಹಾಗಂತ ಸಂಪ್ರದಾಯವೊಂದಿದ್ದ ಮಾತ್ರಕ್ಕೆ ಅದು ಲಿಪಿಯೂ ಆಗೋದಿಲ್ಲ.

ಇವನ್ನು ಓದುವ ಪ್ರಯತ್ನ ಹೊಸದಲ್ಲ. ಅಮೆರಿಕದ ಪತ್ರಕರ್ತ ಅಲೆಕ್ಸಾಂಡರ್ ಮಾರ್ಷಾಕ್, ಫ್ರಾನ್ಸಿನ ಬ್ಲಾಂಶಾರ್ ಎಂಬಲ್ಲಿ ಸಿಕ್ಕ ಎಲುಬಿನ ತುಂಡಿನ 69 ಗುರುತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಚಂದ್ರನ ಕಲೆಗಳ ಲೆಕ್ಕ ಎಂದರು. 1989ರಲ್ಲಿ ಫ್ರಾಂಚೆಸ್ಕೊ ದ'ಎರಿಕೊ ಇಂಥ ಓದುಗಳ ಆಧಾರವನ್ನೇ ಕೆಣಕಿದರು. ತಾವೇ ಗೆರೆ ಕೊರೆದು ಪರೀಕ್ಷಿಸಿ, ಗೆರೆ ನೋಡಿ ಉಪಕರಣ ಬದಲಾಯಿತು ಅನ್ನೋದು ಅಷ್ಟು ಸುಲಭವಲ್ಲ ಎಂದು ತೋರಿಸಿದರು.

2023ರಲ್ಲಿ ಮತ್ತೊಂದು ಓದು ಬಂತು. ಲಂಡನ್ನಿನ ಬೆನೆಟ್ ಬೇಕನ್ ಹಳೆಯ ಪೀಠೋಪಕರಣಗಳನ್ನು ಸರಿಪಡಿಸುವವರು, ಅಂದರೆ ನಮ್ಮ ಹಾಗೇ ಹವ್ಯಾಸಿ. ಡರಾಮ್ ವಿಶ್ವವಿದ್ಯಾಲಯದ ಪಾಲ್ ಪೆಟಿಟ್ ಮೊದಲಾದವರ ಜೊತೆ ಅವರು ಪ್ರಕಟಿಸಿದ ಲೇಖನದ ಸಾರ ಇಷ್ಟು: ಪ್ರಾಣಿಯ ಜೊತೆಗಿರುವ ಚುಕ್ಕೆ ಅಥವಾ ಗೆರೆಯ ಸಂಖ್ಯೆ ಎಂದರೆ ವಸಂತದಿಂದ ಎಣಿಸಿದ ಚಾಂದ್ರಮಾಸ. ಆ ಪ್ರಾಣಿ ಕೂಡುವ ಕಾಲ ಅದು. ನಡುವೆ 'ವೈ' ಆಕಾರದ ಕವಲುಗೆರೆ ಬಂದರೆ ಮರಿ ಹಾಕುವ ತಿಂಗಳು. ಬೇಟೆಗಾರನಿಗೆ ಬೇಕಾದ ಪಂಚಾಂಗವೇ ಸರಿ! ಸಂಖ್ಯಾಶಾಸ್ತ್ರದ ಹೊಂದಾಣಿಕೆಯನ್ನೂ ಅವರು ಕೊಟ್ಟರು.

ಮರುವರ್ಷ ಏಪ್ರಿಲ್ ನೊವೆಲ್, ಪಾಲ್ ಬಾನ್, ಜಾನ್-ಲೊಯಿಕ್ ಲೆ ಕೆಲೆಕ್ ಇದಕ್ಕೆ ಉತ್ತರ ಬರೆದು, ಆಯ್ದ ಉದಾಹರಣೆಗಳು ಈ ತೀರ್ಮಾನವನ್ನು ಹೊರಲಾರವು ಎಂದರು.

ನನಗೆ ಇಲ್ಲಿ ಮುಖ್ಯ ಅನಿಸೋದು ಯಾರು ಗೆದ್ದರು ಎಂಬುದಲ್ಲ, ಕೆಲಸದ ಕ್ರಮ. ಬೇಕನ್ ತಂಡದ ದತ್ತಾಂಶ ಬಹುಪಾಲು ಪ್ರಕಟಿತ ಚಿತ್ರಗಳಿಂದ ಕೂಡಿಸಿದ್ದು. ನಮ್ಮಲ್ಲಿ ಓದುವ ಮೊದಲು ಪಡಿಯಚ್ಚು ತೆಗೆಯುತ್ತೇವೆ. ಕಲ್ಲಿನ ಚಕ್ಕೆ ಎದ್ದ ಗುಳಿಯನ್ನು ಅನುಸ್ವಾರ ಅಂತ ಓದಿದರೆ ಪದವೇ ಬೇರೆಯಾಗುತ್ತದೆ. ಗುಹೆಯ ಗೋಡೆಯಲ್ಲಂತೂ ಒಂದು ಚುಕ್ಕೆ ಹೆಚ್ಚಾದರೆ ಒಂದು ತಿಂಗಳೇ ಹೆಚ್ಚು. ಎಣಿಕೆ ಅಲುಗಾಡಿದರೆ ಅದರ ಮೇಲಿನ ಲೆಕ್ಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ನಿಲ್ಲೋದಿಲ್ಲ.

ಇನ್ನೊಂದು ಪರೀಕ್ಷೆಯೂ ಇದೆ. 'ದೇವಾನಂಪಿಯ' ಎಂದರೆ ಅಶೋಕ ಎಂಬ ಊಹೆ 1837ರಷ್ಟು ಹಿಂದೆಯೇ ಸಿಂಹಳದ ಗ್ರಂಥಗಳ ಬಲದಿಂದ ಬಂದಿತ್ತು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಂಡ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರೇ ಸಿಕ್ಕಿತು. ಊಹೆ ಕಟ್ಟಿದಾಗ ಯಾರ ಕೈಯಲ್ಲೂ ಇಲ್ಲದಿದ್ದ ಕಲ್ಲು ಬಂದು ಸಾಕ್ಷಿ ಹೇಳಿತು.

ಲಾಸ್ಕೋದ ನಾಲ್ಕು ಚುಕ್ಕೆಗೆ ಬೇಕಾಗಿರೋದೂ ಅಂಥದ್ದೇ ಸಾಕ್ಷಿ. ಪಟ್ಟಿಗೆ ಸೇರದ ಗೋಡೆಯ ಮುಂದೆ ಹೋಗುವ ಮೊದಲೇ, ಈ ಪ್ರಾಣಿಯ ಪಕ್ಕ ಇಷ್ಟು ಗುರುತು ಇರಬೇಕು ಎಂದು ಬರೆದಿಡಬೇಕು, ಆಮೇಲೆ ಬೇರೆಯವರು ಎಣಿಸಬೇಕು. ಹೊಂದಿದರೆ ಅದು ಓದು. ಅಲ್ಲಿಯವರೆಗೆ ಅದೊಂದು ಒಳ್ಳೆಯ ಊಹೆ, ಅಷ್ಟೇ. ಹವ್ಯಾಸಿಗಳು ಊಹೆ ಮಾಡಬಾರದು ಅಂತಲ್ಲ, ಧಾರಾಳವಾಗಿ ಮಾಡೋಣ. ಅದನ್ನು ಸುಳ್ಳು ಮಾಡಬಲ್ಲ ಕಲ್ಲು ಯಾವುದು ಅನ್ನೋದನ್ನೂ ಜೊತೆಗೇ ಹೇಳೋಣ.