ಗೆರೆ ಇಲ್ಲದ ರೈಫಲ್

ಊರಿನಿಂದ ನೆಂಟರು ಬಂದರೆ ನಾವು ತಪ್ಪದೆ ಕರೆದೊಯ್ಯುವ ಜಾಗಗಳಲ್ಲಿ ಮ್ಯೂಸಿಯಂ ಒಂದು. ಹೈದರಾಬಾದಿನವರಿಗೆ ಸಾಲಾರ್‌ಜಂಗ್, ಚೆನ್ನೈನವರಿಗೆ ಸೇಂಟ್ ಜಾರ್ಜ್ ಕೋಟೆ, ದೆಹಲಿಯವರಿಗೆ ನ್ಯಾಷನಲ್ ಮ್ಯೂಸಿಯಂ. ಆಯುಧಗಳ ವಿಭಾಗಕ್ಕೆ ಬಂದಾಗ ಎಲ್ಲರೂ ರತ್ನದ ಹಿಡಿಯ ಕಠಾರಿಯ ಮುಂದೆ ನಿಲ್ಲುತ್ತಾರೆ. ಗೋಡೆಗೆ ಒರಗಿಸಿಟ್ಟ ಸಿಪಾಯಿಯ ಬಂದೂಕಿನತ್ತ ಯಾರೂ ತಿರುಗಿ ನೋಡುವುದಿಲ್ಲ. ಮುಂದಿನ ಸಲ ಹೋದಾಗ ನೀವು ಒಂದು ನಿಮಿಷ ಅಲ್ಲಿ ನಿಲ್ಲಿ. ಹತ್ತೊಂಬತ್ತನೇ ಶತಮಾನದ ಬಂದೂಕನ್ನು ಗುರುತಿಸುವುದು ಅಷ್ಟೇನೂ ಕಷ್ಟದ ವಿದ್ಯೆಯಲ್ಲ. ಅದರ ಮೈಮೇಲೆಯೇ ಜಾತಕ ಕೊರೆದಿರುತ್ತದೆ.

ಮೊದಲು ಕುದುರೆ ನೋಡಿ. ಟ್ರಿಗರ್ ಎಳೆದಾಗ ಬಡಿಯುವ ಆ ಸುತ್ತಿಗೆಯಂಥ ಭಾಗಕ್ಕೆ ಕನ್ನಡದಲ್ಲಿ ಕುದುರೆ ಎಂದೇ ಹೆಸರು. ಅದು ಕೂತಿರುವ ಉಕ್ಕಿನ ತಗಡಿನ ಮೇಲೆ ಕಿರೀಟ, ಅದರ ಕೆಳಗೆ ವಿಕ್ಟೋರಿಯಾ ರಾಣಿಯ 'ವಿ ಆರ್' ಅಕ್ಷರ, ಮುಂದಕ್ಕೆ ಒಂದು ಇಸವಿ ಮತ್ತು 'ಟವರ್' ಅಥವಾ 'ಎನ್‌ಫೀಲ್ಡ್' ಎಂಬ ಪದ ಇದ್ದರೆ ಅದು ಬ್ರಿಟಿಷ್ ಸರ್ಕಾರದ ಬಂದೂಕು. 'ಟವರ್' ಎಂದಿದ್ದ ಮಾತ್ರಕ್ಕೆ ಲಂಡನ್ನಿನ ಟವರ್‌ನಲ್ಲೇ ತಯಾರಾದದ್ದು ಎಂದುಕೊಳ್ಳಬೇಡಿ. ಬಹಳಷ್ಟು ಬಂದೂಕುಗಳು ಬರ್ಮಿಂಗ್‌ಹ್ಯಾಮಿನ ಗುತ್ತಿಗೆದಾರರಿಂದ ಬಂದು, ಸರ್ಕಾರದ ತಪಾಸಣೆ ಮುಗಿಸಿದಂಥವು. ಕಿರೀಟ ಹಿಡಿದು ನಿಂತ ಸಿಂಹ ಕಂಡರೆ ಅದು ಈಸ್ಟ್ ಇಂಡಿಯಾ ಕಂಪನಿಯದು. ಬಾಣದ ಗುರುತಿನ ಜೊತೆಗೆ ಇಂಗ್ಲಿಷಿನ 'ಐ' ಅಕ್ಷರವಿದ್ದರೆ ಭಾರತ ಸರ್ಕಾರದ ಸ್ವತ್ತು. ಎರಡು ಬಾಣಗಳು ಮೂತಿಗೆ ಮೂತಿ ತಾಗಿಸಿಕೊಂಡಿದ್ದರೆ ಸೈನ್ಯ ಅದನ್ನು ಕೈಬಿಟ್ಟು ಮಾರಿದೆ ಎಂದರ್ಥ.

ಈ ವಂಶದ ಹಿರಿಯಣ್ಣ 1853ರ ಎನ್‌ಫೀಲ್ಡ್. 39 ಇಂಚಿನ ನಳಿಗೆಯನ್ನು ಮೂರು ಕಬ್ಬಿಣದ ಪಟ್ಟಿಗಳು ಮರಕ್ಕೆ ಬಿಗಿದಿರುತ್ತವೆ. ಮಲೆನಾಡು, ಕೊಡಗಿನ ಕಡೆಯವರು ಇದನ್ನು ನೋಡಿದರೆ "ಓಹೋ, ಕೇಪಿನ ಕೋವಿ" ಎಂದುಬಿಡುತ್ತಾರೆ. ಸರಿಯೇ. ಬಾಯಿಯಿಂದ ಮದ್ದು ಸುರಿದು, ಗಜದಿಂದ ಗುಂಡು ಜಡಿದು, ಹಿಂಬದಿಯಲ್ಲಿ ಕೇಪು ಇಟ್ಟು ಹೊಡೆಯುವ ಕೋವಿ ಇದು. ವಿಶೇಷವೆಂದರೆ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ತಿರುಚಿಕೊಂಡು ಹೋಗುವ ಮೂರು ಗೆರೆಗಳು. ಗುಂಡು ಆ ಗೆರೆ ಹಿಡಿದು ಬುಗುರಿಯಂತೆ ತಿರುಗುತ್ತ ಹೊರಬೀಳುವುದರಿಂದ ನೆಟ್ಟಗೆ, ದೂರ ಹೋಗುತ್ತದೆ. ರೈಫಲ್ ಎಂಬ ಹೆಸರು ಬಂದದ್ದೇ ಈ ಗೆರೆಗಳಿಂದ. ಗೆರೆ ಇಲ್ಲದ ಹಳೆಯ ಮಸ್ಕೆಟ್ಟು ನೂರು ಗಜ ದಾಟಿದರೆ ದೇವರೇ ಗತಿ. ಇದರ ಏಣಿಯಂಥ ಗುರಿಪಟ್ಟಿಯಲ್ಲಾದರೋ ಒಂಬೈನೂರು ಗಜದವರೆಗೆ ಅಳತೆ ಕೊರೆದಿದೆ.

1857ರ ಜನವರಿಯಲ್ಲಿ ಡಂಡಂನಲ್ಲಿ ಕೊಬ್ಬಿನ ತೋಟಾದ ಗುಲ್ಲು ಎದ್ದದ್ದು ಇದೇ ಎನ್‌ಫೀಲ್ಡಿನ ಸಲುವಾಗಿ. ಆ ಕಥೆ ನಿಮಗೆ ಶಾಲೆಯಲ್ಲೇ ಗೊತ್ತು. ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣದ ವಿಷಯವೆಂದರೆ, ದಂಗೆ ಎದ್ದ ಸಿಪಾಯಿಗಳಲ್ಲಿ ಹೆಚ್ಚಿನವರ ಕೈಯಲ್ಲಿ ಎನ್‌ಫೀಲ್ಡ್ ಇರಲೇ ಇಲ್ಲ. ಹೊಸ ರೈಫಲ್ಲಿನ ತರಬೇತಿ ಡಂಡಂ, ಅಂಬಾಲಾ, ಸಿಯಾಲ್‌ಕೋಟ್‌ಗಳಲ್ಲಿ ಆಗಷ್ಟೇ ಶುರುವಾಗಿತ್ತು. ಹಳೇ ಮಸ್ಕೆಟ್ಟು ಹಿಡಿದವರ ಮೇಲೆ ಎನ್‌ಫೀಲ್ಡ್ ಹಿಡಿದವರು ನುಗ್ಗಿದರು.

ಸರ್ಕಾರ ಇದರಿಂದ ಒಂದು ಪಾಠ ಕಲಿಯಿತು. ಆ ಪಾಠವನ್ನು ನೀವು ಇಂದಿಗೂ ಕಣ್ಣಾರೆ ನೋಡಬಹುದು. 1858ರ ಮಾದರಿ ಎಂದು ಕರೆಯುವ ಬಂದೂಕು ಹೊರನೋಟಕ್ಕೆ ಥೇಟ್ ಎನ್‌ಫೀಲ್ಡೇ. ಅದೇ ಉದ್ದ, ಅವೇ ಮೂರು ಪಟ್ಟಿ, ಅದೇ ಕಿರೀಟ. ಆದರೆ ನಳಿಗೆಯೊಳಗೆ ಗೆರೆಗಳಿಲ್ಲ. ಇದ್ದ ಗೆರೆಗಳನ್ನು ಕೊರೆದು ತೆಗೆದು, .577 ಇಂಚಿದ್ದ ಬಾಯಿಯನ್ನು .656 ಇಂಚಿಗೆ ಅಗಲ ಮಾಡಿದ್ದಾರೆ. ನಮ್ಮ ಲೆಕ್ಕದಲ್ಲಿ ಎರಡು ಮಿಲಿಮೀಟರ್ ಅಷ್ಟೆ. ಏಣಿಯ ಗುರಿಪಟ್ಟಿ ಕಿತ್ತು ಅಲ್ಲೊಂದು ಅಲುಗಾಡದ ಸಣ್ಣ ತುಂಡು ಕೂರಿಸಿದ್ದಾರೆ. ಇದನ್ನು ಕೊಟ್ಟದ್ದು ಭಾರತೀಯ ಸಿಪಾಯಿಗಳಿಗೆ. ಗೋರಖಾಗಳಂಥ ಕೆಲವು ಪಡೆಗಳಿಗೆ ಮಾತ್ರ ರೈಫಲ್ ಉಳಿಯಿತು. ಕೊರೆದ ನಳಿಗೆಯ ಗೋಡೆ ತೆಳುವಾಗಿ ಉಬ್ಬತೊಡಗಿದ್ದರಿಂದ 1859ರ ಮಾದರಿಗೆ ಹೊಸದಾಗಿ ದಪ್ಪ ನಳಿಗೆಯನ್ನೇ ಮಾಡಬೇಕಾಯಿತು. ಒಳ್ಳೆಯ ಬಂದೂಕನ್ನು ಕೆಡಿಸಲು ಇಷ್ಟೊಂದು ಶ್ರಮಪಟ್ಟ ಸರ್ಕಾರ ಇನ್ನೊಂದು ಇತ್ತೋ ಇಲ್ಲವೋ! ಅಪನಂಬಿಕೆ ಕಡತಗಳಲ್ಲಿ ಸಿಗುತ್ತದೆ, ನಿಜ. ಆದರೆ ಎರಡು ಮಿಲಿಮೀಟರ್ ಅಳತೆಯಲ್ಲಿ ಅದು ಸಿಗುವುದು ಈ ಕಬ್ಬಿಣದಲ್ಲೇ.

ಮುಂದಿನ ಪೀಳಿಗೆಗಳಲ್ಲೂ ಇದೇ ಹಾಡು. 1866ರಲ್ಲಿ ಸ್ನೈಡರ್ ಬಂತು. ಹಳೆಯ ಎನ್‌ಫೀಲ್ಡಿನ ಹಿಂಬದಿ ಕತ್ತರಿಸಿ, ಬಲಕ್ಕೆ ತೆರೆಯುವ ಪೆಟ್ಟಿಗೆ ಮುಚ್ಚಳದಂಥ ಭಾಗ ಜೋಡಿಸಿದರು. ಕೇಪಿನ ಕೋವಿ ತೋಟಾ ಕೋವಿಯಾಯಿತು. ಇಲ್ಲಿ ಹೊಸಬರು ಎಡವುತ್ತಾರೆ, ಏಕೆಂದರೆ ಬದಿಯ ತಗಡು ಹಳೆಯದೇ ಉಳಿದು 1859 ಎಂದು ಹೇಳುತ್ತಿರುತ್ತದೆ. ಮಾರ್ಟಿನಿ-ಹೆನ್ರಿ 1871ರದು, ಅದಕ್ಕೆ ಹೊರಗಡೆ ಕುದುರೆಯೇ ಇಲ್ಲ, ಟ್ರಿಗರಿನ ಹಿಂದೆ ಕೆಳಕ್ಕೆ ಎಳೆಯುವ ಸನ್ನೆಕೋಲು. 1878ರಿಂದ 1880ರವರೆಗಿನ ಎರಡನೇ ಆಫ್ಘನ್ ಯುದ್ಧದಲ್ಲಿ ಗೋರಾ ಸೋಲ್ಜರ್ ಕೈಯಲ್ಲಿ ಮಾರ್ಟಿನಿ, ಪಕ್ಕದಲ್ಲೇ ಸಾಯಲು ಹೊರಟ ಸಿಪಾಯಿಯ ಕೈಯಲ್ಲಿ ಸ್ನೈಡರ್. ಗೋರಾಗಳಿಗೆ ಲೀ-ಮೆಟ್‌ಫೋರ್ಡ್ ಬಂದ ಮೇಲೆ ಮಾರ್ಟಿನಿ ನಮ್ಮವರಿಗೆ ಇಳಿದು ಬಂತು. ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ.

ಮಾರ್ಟಿನಿಯಲ್ಲಿ ನಕಲಿ ಬಹಳ. ಖೈಬರ್ ಕಡೆಯ ಕಮ್ಮಾರರು ಅಸಲಿಯನ್ನು ಎದುರಿಗಿಟ್ಟುಕೊಂಡು ಅರ ಹಿಡಿದೇ ಬಂದೂಕು ಮಾಡುವ ಗಟ್ಟಿಗರು, ಇಂಗ್ಲಿಷ್ ಓದಲು ಬಾರದು ಅಷ್ಟೆ. 'ಎನ್‌ಫೀಲ್ಡ್'ನ 'ಎನ್' ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ವಿಕ್ಟೋರಿಯಾ ತೀರಿಕೊಂಡದ್ದು 1901ರಲ್ಲಿ. 'ವಿ ಆರ್' ಮುದ್ರೆಯ ಕೆಳಗೆ ಅದಕ್ಕಿಂತ ಈಚಿನ ಇಸವಿ ಇದ್ದರೆ ಮುಗುಳ್ನಕ್ಕು ಮುಂದೆ ಹೋಗಿ.

ಅಸಲಿ ಬಂದೂಕುಗಳ ದೊಡ್ಡ ರಾಶಿ ಸಿಕ್ಕಿದ್ದು ನೇಪಾಳದಲ್ಲಿ. ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯಲ್ಲಿ ಧೂಳು ತಿನ್ನುತ್ತಿದ್ದ ಹತ್ತಾರು ಸಾವಿರ ಬಂದೂಕುಗಳನ್ನು 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಕೊಂಡೊಯ್ದರು. ನಾಗರಿ ಅಂಕಿ ಕೊರೆದ ಎನ್‌ಫೀಲ್ಡುಗಳು, ಮಾರ್ಟಿನಿಗಳು ಈಗ ಅಲ್ಲಿನ ಬೈಠಕ್‌ಖಾನೆಗಳ ಗೋಡೆಯಲ್ಲಿವೆ. ಅಮೆರಿಕದ 1968ರ ಕಾನೂನಿನಲ್ಲಿ 1898 ಮತ್ತು ಅದಕ್ಕೂ ಹಿಂದೆ ತಯಾರಾದದ್ದು ಪ್ರಾಚೀನ ವಸ್ತು.

ನಮ್ಮಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ ರಿಯಾಯಿತಿ ಕೊಡುವುದು, ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲಾಗದಂಥ ಹಳೆಯ ಆಯುಧಕ್ಕೆ ಮಾತ್ರ. ಹಳೆಯದಾದರೂ ಹಾರುವ ಕೋವಿಗೆ ಲೈಸೆನ್ಸ್ ಬೇಕು. ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು 1972ರ ಕಾಯ್ದೆ ತಡೆಯುತ್ತದೆ.

ಕನ್ನಡಿಗರಿಗೆ ಕೋವಿಯ ಕಾನೂನು ದೂರದ ಮಾತೇನಲ್ಲ. 1857ರ ನಿಶ್ಶಸ್ತ್ರೀಕರಣ ಕಾಯ್ದೆಗೆ ತಲೆಬಾಗದ ಹಲಗಲಿಯ ಬೇಡರ ಊರನ್ನು ಅದೇ ನವೆಂಬರಿನಲ್ಲಿ ಸುಟ್ಟರು, ಹಲವರನ್ನು ಗಲ್ಲಿಗೇರಿಸಿದರು. ಲಾವಣಿ ಕಟ್ಟಿ ಹಾಡಿದ ಜನ ಅದನ್ನು ಮರೆಯಲಿಲ್ಲ. ಇತ್ತ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದೇ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಒಬ್ಬರ ಕೋವಿ ಕಿತ್ತುಕೊಂಡು ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದರಲ್ಲೂ ಆ ನಂಬಿಕೆ, ಅಪನಂಬಿಕೆಯ ತಕ್ಕಡಿಯೇ ಕಾಣುತ್ತದೆ. ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಲಾಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುವ ಮನೆಗಳು ನಿಮ್ಮ ನೆಂಟರಲ್ಲೂ ಇರಬಹುದು.

ಊರ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಕೋವಿ ಕಂಡಿತೆನ್ನಿ. ಮರಳು ಕಾಗದ ಹಾಕಿ ಉಜ್ಜಬೇಡಿ. ಸಿಂಹ, ಬಾಣ, ಇಸವಿ ಎಲ್ಲ ಅಳಿಸಿಹೋಗುತ್ತವೆ. ಅದಕ್ಕಿಂತ ಮೊದಲು ಇನ್ನೊಂದು ಎಚ್ಚರ. ಕೇಪಿನ ಕೋವಿಗಳಲ್ಲಿ ಎಂದೋ ಜಡಿದ ಈಡು ಹಾಗೇ ಉಳಿದಿರುವುದುಂಟು. ಕರಿಮದ್ದು ತೇವ ತಾಗದಿದ್ದರೆ ನೂರು ವರ್ಷವಾದರೂ ಸಾಯುವುದಿಲ್ಲ. ಬಾಯಿಯ ಎದುರು ನಿಲ್ಲದೆ, ಯಾರತ್ತಲೂ ತಿರುಗಿಸದೆ, ಬದಿಯಿಂದ ಗಜವನ್ನು ಮೆಲ್ಲಗೆ ಇಳಿಸಿ ಬಾಯಿಯ ಅಂಚಿನಲ್ಲಿ ಗುರುತು ಹಾಕಿ. ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿದರೆ ಅದು ಹೆಚ್ಚುಕಡಿಮೆ ಕೇಪು ಕೂರುವ ಜಾಗದವರೆಗೂ ಬರಬೇಕು. ಎರಡು ಮೂರು ಇಂಚು ಮೊದಲೇ ನಿಂತರೆ ಒಳಗೆ ಈಡು ಇದೆ. ಕೋವಿಯನ್ನು ಅಲ್ಲೇ ಬಿಟ್ಟು ಠಾಣೆಗೆ ತಿಳಿಸಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನು ಕರೆಸಿ.