ಪಂಜೆ ಮಂಗೇಶರಾಯರೂ ಹೊಸ ಉಪಾಧ್ಯಾಯನ ಅಭ್ಯಾಸವೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಪಾಠಶಾಲೆಗಳ ಚರಿತ್ರೆಯನ್ನು ವಿಚಾರಿಸುವವರು ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಇಲ್ಲಿ ಶಾಲೆಯ ಭಾಷೆ ಕನ್ನಡ. ಬಹುಮಂದಿ ಮಕ್ಕಳ ಮನೆಮಾತು ತುಳು. ಕೆಲವರದು ಕೊಂಕಣಿ ಅಥವಾ ಬ್ಯಾರಿ. ಹೊಸದಾಗಿ ಕೆಲಸಕ್ಕೆ ಸೇರಿದ ಉಪಾಧ್ಯಾಯನು ತಾನು ಹೇಳಿದ್ದು ಮಗುವಿಗೆ ತಿಳಿಯಿತೇ ಎಂದು ಪ್ರತಿದಿನವೂ ಕೇಳಿಕೊಳ್ಳಬೇಕಾದ ಪ್ರದೇಶವಿದು.

ಆದರೆ ಈ ಪ್ರಶ್ನೆಗೆ ಆಡಳಿತವು ಹೆಚ್ಚು ಅವಕಾಶವನ್ನು ಕೊಟ್ಟಿರಲಿಲ್ಲ. ಮದರಾಸು ಪ್ರಾಂತದಲ್ಲಿ ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಪರೀಕ್ಷೆಯ ಫಲಕ್ಕೆ ತಕ್ಕಂತೆ ಶಾಲೆಗಳಿಗೆ ಸಹಾಯಧನ ಕೊಡುವ ಪದ್ಧತಿಯಿತ್ತು. ಮಕ್ಕಳು ತೇರ್ಗಡೆಯಾದರೆ ಹಣ, ಇಲ್ಲವಾದರೆ ನಷ್ಟ. ಹೀಗಿರಲು ಬಾಯಿಪಾಠವೇ ಕ್ಷೇಮವೆಂದು ತೋರಿದ್ದು ಸಹಜ. ೧೯೦೪ರ ಭಾರತ ಸರ್ಕಾರದ ವಿದ್ಯಾನೀತಿಯ ನಿರ್ಣಯವು ಈ ಪದ್ಧತಿಯನ್ನು ಬಿಡುವ ಪಕ್ಷವನ್ನು ವಹಿಸಿತು.

ಇಂಥ ಕಾಲದಲ್ಲಿ ವೃತ್ತಿಗೆ ಬಂದವರು ಪಂಜೆ ಮಂಗೇಶರಾಯರು. ೧೮೭೪ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಅವರ ಮನೆಮಾತು ಕೊಂಕಣಿ. ಅವರು ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿದ್ದು, ಶಾಲೆಗಳ ತನಿಖಾಧಿಕಾರಿಯಾಗಿಯೂ ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾಗಿಯೂ ಕೆಲಸ ಮಾಡಿದರು, ೧೯೩೪ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ೧೯೩೭ರಲ್ಲಿ ನಿಧನರಾದರು. ಪಾಠ ಹೇಳುವವನ ಕಷ್ಟವನ್ನೂ ಪಾಠವನ್ನು ಪರೀಕ್ಷಿಸುವವನ ಅಧಿಕಾರವನ್ನೂ ಒಬ್ಬರೇ ಬಲ್ಲವರಾಗಿದ್ದುದು ಇಲ್ಲಿ ಮುಖ್ಯ.

ಈ ಅನುಭವದ ಫಲವನ್ನು ಅವರ ಮಕ್ಕಳ ಕೃತಿಗಳಲ್ಲಿ ಕಾಣಬಹುದು. ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆಯನ್ನು ನೋಡಿರಿ. ವಸ್ತು ಕರಾವಳಿಯ ಮಗು ಅಂಗಳದಲ್ಲಿ ಕಂಡದ್ದೇ. ಒಂದೇ ಬಗೆಯ ಪ್ರಶ್ನೆ ಒಬ್ಬರಿಂದ ಇನ್ನೊಬ್ಬರಿಗೆ ಸಾಗುತ್ತದೆ; ಮುಂದಿನ ವಾಕ್ಯವನ್ನು ಕೇಳುವವನೇ ಊಹಿಸಬಲ್ಲನು. ಕನ್ನಡವನ್ನು ಮನೆಯಲ್ಲಿ ಆಡದ ಮಗುವಿಗೆ ವ್ಯಾಕರಣದ ಹೆಸರಿಲ್ಲದೆಯೇ ವಾಕ್ಯರಚನೆ ಅಭ್ಯಾಸವಾಗುತ್ತದೆ. ತರಗತಿಯಲ್ಲಿ ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲವೆಂದು ಗಮನಿಸಿದವನಲ್ಲದೆ ಬೇರೊಬ್ಬನು ಹೀಗೆ ಬರೆಯುವುದು ಕಷ್ಟ. ಅವರು ‘ಕವಿಶಿಷ್ಯ’ ಎಂಬ ಹೆಸರಿನಿಂದ ಬರೆದುದೂ ಈ ದೃಷ್ಟಿಗೆ ಒಪ್ಪುವಂತಿದೆ.

೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯ ಅನಂತರ ಜಿಲ್ಲೆಗೊಂದು ತರಬೇತಿ ಸಂಸ್ಥೆ ಬಂದಿತು. ಉಪಾಧ್ಯಾಯರಿಗೆ ಪುನರಭ್ಯಾಸ ವರ್ಗಗಳೂ ನಡೆಯುತ್ತಿವೆ. ಇವು ಬೇಕಾದವು, ಆದರೆ ಸಾಲವು. ಹಾಜರಿಯನ್ನೂ ಫಲಿತಾಂಶವನ್ನೂ ಎಣಿಸುವ ತನಿಖೆ ಹಳೆಯ ಸಹಾಯಧನದ ಹಾದಿಯನ್ನೇ ಹಿಡಿದೀತು. ಬೆಳ್ತಂಗಡಿಯ ಒಳನಾಡಿನ ಶಾಲೆಗೆ ಇಂದು ಹೊಸದಾಗಿ ಹೋಗುವ ಉಪಾಧ್ಯಾಯನು ಸಂಜೆ ತನ್ನ ಪಾಠದ ಟಿಪ್ಪಣಿಯಲ್ಲಿ ಮಗು ಎಲ್ಲಿ ಸುಮ್ಮನಾಯಿತೆಂಬುದನ್ನೂ ಮರುದಿನ ತಾನು ಯಾವ ಮಾತನ್ನು ಬದಲಿಸುವನೆಂಬುದನ್ನೂ ಬರೆದಿಡಲಿ. ತನಿಖೆಗೆ ಬರುವವರು ಮೊದಲು ಆ ಪುಟವನ್ನು ಓದಲಿ.