ಅಜ್ಜಿಯ ಜೋಮಾಲೆ ಮತ್ತು ಕಬ್ಬಿಣದ ಅಂಟು

ಹೋದ ತಿಂಗಳು ಮಡಿಕೇರಿಗೆ ಹೋಗಿದ್ದೆ. ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ಅಮ್ಮ ಜೋಮಾಲೆಯನ್ನು ಒಲೆ ಪಕ್ಕದ ಕಟ್ಟೆಯ ಮೇಲೆ ಇಟ್ಟಿದ್ದೇ ತಡ, ಅಜ್ಜಿ ಕೂಗಿದರು, "ಅಲ್ಲಿಡಬೇಡ, ಒಳಗಿನ ಅರಗು ಮೆತ್ತಗಾಗ್ತದೆ!" ಜೋಮಾಲೆಯ ಚಿನ್ನದ ಗುಂಡುಗಳು ಟೊಳ್ಳು. ತೆಳು ತಗಡು ನೆಗ್ಗದಿರಲಿ ಅಂತ ಒಳಗೆ ಅರಗು ತುಂಬಿರ್ತಾರೆ.

ನನಗೆ ಕಾಲೇಜಿನ ಪ್ರಾಜೆಕ್ಟ್ ನೆನಪಾಯ್ತು. (ಈಗ ಕೋಡ್ ಬರೆದು ಹೊಟ್ಟೆ ಹೊರೆಯೋ ನಾನು ಓದಿದ್ದು ಸಿವಿಲ್ :-) ) ಹಳೆಯ ಉಕ್ಕಿನ ತೊಲೆಗೆ ಕಾರ್ಬನ್ ಫೈಬರ್ ಪಟ್ಟಿ ಅಂಟಿಸಿ ಬಲ ಕೊಡೋದು ನಮ್ಮ ವಿಷಯ. ಎಲ್ಲರೂ ಕಾರ್ಬನ್ನನ್ನು ಹೊಗಳ್ತಾರೆ, ಆದರೆ ಕಥೆಯೆಲ್ಲ ಇರೋದು ನಡುವಿನ ಅಂಟಿನಲ್ಲಿ.

ಲೋಹವನ್ನು ಅಂಟಿಸಿ ನಂಬಬಹುದು ಅಂತ ತೋರಿಸಿಕೊಟ್ಟವರು ವಿಮಾನದವರು. 1941ರಲ್ಲಿ ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರುಯ್ನ್ 'ರೆಡಕ್ಸ್' ಅನ್ನೋ ಅಂಟು ಮಾಡಿದರು. ಅದಕ್ಕೆ ಕಾವೂ ಬೇಕು, ಒತ್ತಡವೂ ಬೇಕು. ಸೇತುವೆಯನ್ನು ಒಲೆಯೊಳಗೆ ಇಡೋಕಾಗುತ್ತಾ? 1946ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅರಾಲ್ಡೈಟ್ ತಂತು. ಅದೇ, ನಮ್ಮೂರ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ಎರಡು ಟ್ಯೂಬು. ಎಪಾಕ್ಸಿಗೆ ಹಾರ್ಡನರ್ ಬೆರೆಸಿದರೆ ಬೆಂಕಿಯಿಲ್ಲದೆ ಗಟ್ಟಿಯಾಗುತ್ತೆ.

1991ರಲ್ಲಿ ಲುಸರ್ನ್ ಹತ್ತಿರದ ಇಬಾಖ್ ಕಾಂಕ್ರೀಟ್ ಸೇತುವೆಗೆ ಕಾರ್ಬನ್ ಪಟ್ಟಿ ಅಂಟಿಸಿದರು. 175 ಕಿಲೋ ಉಕ್ಕಿನ ಬದಲು 6.2 ಕಿಲೋ ಪಟ್ಟಿ ಸಾಕಾಯ್ತು! ಕಾಂಕ್ರೀಟಿನಲ್ಲಿ ಸಾಮಾನ್ಯವಾಗಿ ಅಂಟಿಗಿಂತ ಮೊದಲು ಕಾಂಕ್ರೀಟೇ ಕಿತ್ತುಬರುತ್ತೆ. ಉಕ್ಕಿನಲ್ಲಿ ಹಾಗಲ್ಲ, ಅಲ್ಲಿ ಬಡಪಾಯಿ ಅಂಟೇ. ಆದರೂ 1999ರಲ್ಲಿ ಇಂಗ್ಲೆಂಡಿನ ಟಿಕ್‌ಫರ್ಡ್ ಸೇತುವೆಗೆ ಕಾರ್ಬನ್ ಹೊದಿಸಿದರು. ಅದು 1810ರ ಎರಕದ ಕಬ್ಬಿಣ. ವೆಲ್ಡ್ ಮಾಡಿದರೆ ಸುಲಭವಾಗಿ ಬಿರುಕು ಬಿಡೋ ಜಾತಿ.

ಇನ್ನೊಂದು ಪೀಕಲಾಟ ಇದೆ. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತೆ. ಕಾರ್ಬನ್, ಕಬ್ಬಿಣ, ನಡುವೆ ಒಂದಿಷ್ಟು ಉಪ್ಪುನೀರು ಸೇರಿದರೆ ಬ್ಯಾಟರಿ ರೆಡಿ, ಕಬ್ಬಿಣ ಕರಗುತ್ತಾ ಹೋಗುತ್ತೆ. ಅದಕ್ಕೇ ಎರಡೂ ತಾಗದ ಹಾಗೆ ನಡುವೆ ಗಾಜಿನ ನಾರಿನ ಪದರ ಹಾಕ್ತಾರೆ. ಜೊತೆಗೆ ಅಜ್ಜಿ ಹೇಳಿದ ಕಾಯಿಲೆ: ತಣ್ಣಗೆ ಗಟ್ಟಿಯಾದ ಎಪಾಕ್ಸಿ ಸುಮಾರು 60 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತೆ. ಬೇಸಿಗೆ ಬಿಸಿಲಿಗೆ ಕಾದ ಉಕ್ಕು ಅದರ ಹತ್ತಿರಕ್ಕೇ ಹೋಗಬಹುದು.

ನನ್ನ ಪ್ರಾಜೆಕ್ಟ್ ಕೆಟ್ಟಿದ್ದು ಬಿಸಿಲಿಗಲ್ಲ, ಮಳೆಗೆ. ಉಕ್ಕಿನ ಪಟ್ಟಿಯನ್ನು ಎಮರಿ ಪೇಪರಿನಲ್ಲಿ ಫಳಫಳ ಅನ್ನೋ ಹಾಗೆ ಉಜ್ಜಿ, ನಾಳೆ ಅಂಟಿಸಿದರಾಯ್ತು ಅಂತ ರೂಮಿಗೆ ಹೋಗಿ ಮಲಗಿದೆ. ಆಗಸ್ಟ್ ತಿಂಗಳ ಕೊಡಗಿನ ಥಂಡಿ ಗಾಳಿ ರಾತ್ರಿಯಿಡೀ ಅದರ ಮೇಲೆ ಕೂತಿತ್ತು. ಒಂದು ವಾರದ ಮೇಲೆ ಯಂತ್ರಕ್ಕೆ ಹಾಕಿ ಎಳೆದರೆ, ಟಪ್! ಅಂಟೆಲ್ಲ ಕಾರ್ಬನ್ ಮೇಲೆ, ಉಕ್ಕಿನ ಮೇಲೆ ಚೂರೂ ಇಲ್ಲ. ಮೇಷ್ಟ್ರು ಬೈಯಲಿಲ್ಲ, ಬೆರಳಿನಿಂದ ಉಕ್ಕನ್ನು ಒಮ್ಮೆ ಸವರಿ ನನಗೆ ತೋರಿಸಿದರು. ಸಣ್ಣಗೆ ಕೆಂಪು. ಉಜ್ಜಿದ ಕೆಲವೇ ಗಂಟೆಗಳಲ್ಲಿ ಅಂಟಿಸಬೇಕಿತ್ತು.

ನಮ್ಮ ಬೆಟ್ಟಗಳಿಂದ ಇಳಿಯೋ ಪಯಸ್ವಿನಿಗೆ ಸುಳ್ಯದ ಅರಂಬೂರಿನಲ್ಲಿ 1989ರಲ್ಲಿ ಗಿರೀಶ್ ಭಾರದ್ವಾಜರು ತೂಗುಸೇತುವೆ ಕಟ್ಟಿದರು. ಅಂಥ ಸೇತುವೆ ದಾಟುವಾಗೆಲ್ಲ ನನ್ನ ಕಣ್ಣು ಕಾಲಡಿಯ ಕಬ್ಬಿಣದ ಮೇಲೇ. ಇದಕ್ಕೂ ಕಾರ್ಬನ್ ಅಂಟಿಸಬಹುದಲ್ವಾ ಅಂತ ಗೆಳೆಯರು ಕೇಳ್ತಾರೆ. ಉಕ್ಕಿನ ಹಗ್ಗಕ್ಕಂತೂ ಆಗಲ್ಲ. ಅಡಿಯ ತೊಲೆಗೆ ಆಗಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಒಣಗಿಸಿಡೋರು ಯಾರು? ನನ್ನನ್ನು ಕೇಳಿದರೆ ಮಳೆಗೆ ಮುಂಚೆ ಒಂದು ಡಬ್ಬ ಪೇಂಟು, ಒಂದು ಸ್ಪ್ಯಾನರ್ ಹಿಡಿದು ಹೋಗೋದೇ ವಾಸಿ.

ಜೋಮಾಲೆಗೇನೂ ಆಗಿರಲಿಲ್ಲ. ಅಜ್ಜಿ ಮಾತ್ರ ಒಂದೊಂದೇ ಗುಂಡನ್ನು ಒತ್ತಿ ನೋಡಿ, ಆಮೇಲೆ ಅಮ್ಮನ ಕೊರಳಿಗೆ ಹಾಕಿದರು.